ನಕ್ಷೆಯ ಬೆನ್ನು

ಸೋಲಾಪುರದ ರೇಲ್ವೆ ಲೈನ್ಸ್ ಬಂಗಲೆ. ಆರು ಟ್ರಂಕು.
ದಿನಕ್ಕೆ ಮುನ್ನೂರು ನನಗೆ:
ಕಾಗದ ಬಿಡಿಸು, ತಾರೀಖು ಬರಿ, ಗಂಟು ಕಟ್ಟು.

ಮೇಜರ್ ರೇವಣಸಿದ್ಧ ಹತ್ತೂರೆ, ಇಂಜಿನಿಯರು,
ಏನನ್ನೂ ಬಿಸಾಡಿದವರಲ್ಲ.
ಗಿರಣಿಯ ಶೇರು, ಕುದುರೆ ಲಾಳದ ರಸೀದಿ,
ಇಂಗ್ಲಿಷಿನಲ್ಲಿ ಸರಕಾರಕ್ಕೆ ನಾಲ್ಕುನೂರು ಪತ್ರ,
ಹೆಂಡತಿಗೆ ಮರಾಠಿಯಲ್ಲಿ ನಾಲ್ಕು, ಕಳಿಸದೇ ಉಳಿದವು.
ಕನ್ನಡ ಬೈಗುಳಕ್ಕಷ್ಟೇ ಇತ್ತು, ಅಂದಳು ಸೊಸೆ.

ಐದನೇ ಟ್ರಂಕಿನ ತಳದಲ್ಲಿ ಸೇತುವೆ,
ನೀಲಿ ನಕ್ಷೆ, ಎಂಟು ಕಮಾನು.
ಕಟ್ಟಲಿಕ್ಕಲ್ಲ, ಕೆಡವಲಿಕ್ಕೆ:
ಯಾವ ಕಂಬಕ್ಕೆ ಎಷ್ಟು ಮದ್ದು, ಬತ್ತಿ ಎಷ್ಟು ಅಡಿ.
ಕೂದಲೆಳೆಯ ಗೆರೆ, ಎಲ್ಲೂ ಕೈ ನಡುಗಿಲ್ಲ.

ತಿರುವಿದೆ.
ಬೆನ್ನ ಮೇಲೆ ಪೆನ್ಸಿಲಿನಲ್ಲಿ, ಕನ್ನಡ,
ಸಾಲಿ ಹುಡುಗನ ದುಂಡಕ್ಷರ:

ಆಡು ಹನ್ನೊಂದು. ಮುದುಕ ಒಬ್ಬ.
ದಾಟಾಕ ಬೇಕಾದದ್ದು ಏಳು ನಿಮಿಷ.
ಕೊಟ್ಟದ್ದು ನಾಲ್ಕು.

ಕೆಳಗೆ ವಜಾಬಾಕಿ.
ಅದರ ಕೆಳಗೆ ಮತ್ತದೇ ವಜಾಬಾಕಿ,
ಬೇರೆ ಶಾಯಿ, ಬೇರೆ ವರ್ಷ,
ಕೊನೆಕೊನೆಗೆ ನಡುಗುವ ಅಂಕಿ.
ಪ್ರತಿ ಸಲ ಮೂರೇ ಉಳಿದಿದೆ.

ಏನದು, ಕೇಳಿದಳು ಸೊಸೆ ಬಾಗಿಲಿಂದ.
ಹಿಸೇಬು, ಅಂದೆ.
ಬರೋದೋ, ಕೊಡೋದೋ?

ಪಟ್ಟಿಯಲ್ಲಿ ‘ವಿಷಯ’ದ ಕಾಲಮ್ಮು ಒಂದಿಂಚು.
ಸೇತುವೆ ಅಂತ ಬರೆದೆ, ಹೊಡೆದು ಹಾಕಿದೆ.
ಆರನೇ ಟ್ರಂಕಿನ ಕೀಲಿ ಎಲ್ಲೈತ್ರಿ,
ಕೇಳಿದೆ.