ಎಡಕ್ಕೆ, ಬಲಕ್ಕೆ

ಇಲ್ಲಿ ಟಿಕೆಟ್ ಹರಿಯುವವನು ನಾನು.
ಮೂರು ಯೂರೋ. ಮಕ್ಕಳಿಗೆ ಒಂದೂವರೆ.
ಹೆಲ್ಮೆಟ್ ಪುಕ್ಕಟೆ, ಅಳತೆ ನಿಮ್ಮ ಅದೃಷ್ಟ.

ಊರ ಹೆಸರು ಸಾ ಪ್ರಾತಾ. ನಮ್ಮ ಸಾರ್ಡಿನಿಯಾ ಮಾತಿನಲ್ಲಿ
ಬೆಳ್ಳಿ ಅಂತ.
ಎರಡು ಸಾವಿರ ಜನ ಇದ್ದರಂತೆ, ಈಗ ನಲವತ್ತೊಂದು.
ಕಡಲ ಗಾಳಿ ಎದ್ದ ದಿನ ಎಲ್ಲರೂ ಬಾಗಿಲು ಹಾಕಿಕೊಂಡರೆ
ಅದೂ ಇಲ್ಲ.

ಅದಿರಿನ ತೊಳೆಮನೆ ಇನ್ನೂ ನಿಂತಿದೆ, ಮರದ್ದು, ಐದು ಅಂತಸ್ತು,
ಗುಡ್ಡಕ್ಕೆ ಬೆನ್ನು ಕೊಟ್ಟು, ಕಡಲಿಗೆ ಕಾಲು ಚಾಚಿ,
ಉಂಡು ಗೋಡೆಗೊರಗಿದವನ ಹಾಗೆ.
ರಾತ್ರಿಯೆಲ್ಲ ಹಲಗೆ ಹಲಗೆಗೆ ಬಡಿದು
ಪಾಳಿ ನಡೆಯುತ್ತದೆ.
ಸಂಬಳವಿಲ್ಲದ ಪಾಳಿ.

ಗಣಿಯ ಬಾಯಿಗೆ ಕಬ್ಬಿಣದ ಜಾಲರಿ. ಒಳಗೆ ಬಾವಲಿ,
ಗೂಡಿನಲ್ಲಿ ಮೂಗು ಮುರಿದ ಸಾಂತಾ ಬಾರ್ಬರಾ,
ಅವಳ ಪಾದಕ್ಕೆ ಯಾರೋ ಇಟ್ಟ ಪ್ಲಾಸ್ಟಿಕ್ ಹೂ.
ನಾನೇ ಇಟ್ಟದ್ದು.
ಬಂದವರಿಗೆ 'ಯಾರೋ' ಅನ್ನುತ್ತೇನೆ.

ನನ್ನ ಅಜ್ಜಿಯ ತಂಗಿ, ತ್ಸಿಯಾ ಬಾಕೀಸಿಯಾ, ತೊಂಬತ್ತಮೂರು.
ಹನ್ನೊಂದಕ್ಕೇ ಕಲ್ಲು ಆರಿಸಲು ಕೂತವಳು.
ಬೆಂಚಿನುದ್ದಕ್ಕೂ ಹುಡುಗಿಯರು, ತಲೆಗೆ ವಸ್ತ್ರ, ಕೈಗೊಂದು ಪುಟ್ಟ ಸುತ್ತಿಗೆ,
ಭಾರದ್ದು ಎಡಕ್ಕೆ, ಹಗುರದ್ದು ಬಲಕ್ಕೆ.
ಮಾತಾಡಿದರೆ ದಂಡ. ಹಾಡಿದರೆ ಅರ್ಧ ದಂಡ,
ಮೇಸ್ತ್ರಿ ಲುಸ್ಸೋರಿಯೊಗೆ ಹಾಡೆಂದರೆ ಜೀವ.

ಬೆಳ್ಳಿ ನೋಡಿದ್ದೆಯಾ, ಅಂತ ಒಮ್ಮೆ ಕೇಳಿದೆ.
"ದಿನಾ. ಪಾಳಿಗೆ ಹೊರಟಾಗ, ಮೂಡಣ ಗುಡ್ಡದ ನೆತ್ತಿಗೆ,
ಕೋಳಿ ಕೂಗುವ ಮುಂಚೆ ಒಂಟಿಯಾಗಿ ಇರುತ್ತಿತ್ತಲ್ಲ,
ಆ ಬೆಳ್ಳಿ."
ಇನ್ನೊಂದು?
"ಅದು ಸೀಸದ ಹೊಟ್ಟೆಯೊಳಗೇ ಹಡಗು ಹತ್ತುತ್ತಿತ್ತು.
ಬಸಿರು ನಮ್ಮೂರಲ್ಲಿ, ಹೆರಿಗೆ ಯಾರ ಊರಲ್ಲೋ.
ನಮ್ಮ ಕೈಗೆ ಬಂದದ್ದು ಬರೀ ತೂಕ."

ಅವಳಣ್ಣ ಪೆಪ್ಪಾಂತೋನಿಗೆ ಅದೂ ಇಲ್ಲ, ಎದೆ ತುಂಬ ಹುಡಿ.
ಮೂವತ್ತನಾಲ್ಕಕ್ಕೆ ಅವನು ಉಸಿರೆಳೆದರೆ
ಜಲ್ಲಿಯ ಮೇಲೆ ಗಾಡಿ ಎಳೆದ ಸದ್ದು.
ಒಂದು ರಾತ್ರಿ ಆ ಸದ್ದು ನಿಂತದ್ದಕ್ಕೇ
ಪಕ್ಕದ ಮನೆಯವರಿಗೆ ಎಚ್ಚರವಾಯಿತಂತೆ.

ಈಗ ಅವಳು ಅಡುಗೆಮನೆಯಲ್ಲಿ ಮಸೂರ ಆರಿಸುತ್ತಾಳೆ.
ಕಣ್ಣಿಗೆ ಪೊರೆ. ಬೆರಳು ಸಾಕು.
ಎಡಕ್ಕೆ, ಬಲಕ್ಕೆ, ಬಲಕ್ಕೆ, ಎಡಕ್ಕೆ.
ಅಂಗಡಿಯ ಬೇಳೆಯಲ್ಲಿ ಈಗ ಕಲ್ಲೇ ಇರುವುದಿಲ್ಲ,
ಯಂತ್ರ ಆರಿಸಿದ ಬೇಳೆ. ಅದನ್ನು ಹೇಳಲು ಬಾಯಿ ಬರದೆ
ಪೊಟ್ಟಣಕ್ಕೆ ನಾಲ್ಕೈದು ಹರಳು
ನಾನೇ ಬೆರೆಸುತ್ತೇನೆ.

ಕಳೆದ ಡಿಸೆಂಬರ್, ಬಾರ್ಬರಾ ಹಬ್ಬದ ದಿನ
ಅವಳನ್ನು ಗಣಿಯ ಮ್ಯೂಸಿಯಮ್ಮಿಗೆ ಕರೆತಂದೆವು.
ಮೇಯರ್ ಇದ್ದರು, ಕ್ಯಾಮೆರಾ ಇತ್ತು, ಕೇಕು ಸ್ವಲ್ಪ ಕಡಿಮೆ ಬಿತ್ತು.
ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಅಂಗೈ ಮೇಲಿಟ್ಟರು:
'ಬೆಳ್ಳಿ ಅದಿರು, ಅಪರೂಪದ ಮಾದರಿ',
ದೀಪ ಬಿದ್ದಲ್ಲೆಲ್ಲ ಮಿರಮಿರ.
ಅವಳು ತೂಗಿದಳು. ಒಮ್ಮೆ. ಒಮ್ಮೆಯೇ.
"ಇದು ಬಲಕ್ಕೆ," ಅಂದಳು.

ಬಲಕ್ಕೆ ಮೇಯರ್ ನಿಂತಿದ್ದರು.
ಅವರ ಕೈಗೇ ಕೊಟ್ಟಳು.

ನಕ್ಕರು. ಚಪ್ಪಾಳೆಯೂ ಬಿತ್ತು. ಎಲ್ಲ ಹೋದ ಮೇಲೆ
ಅದನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವನು ನಾನೇ,
ಚೀಟಿ ಬದಲಿಸಲಿಲ್ಲ.
ಹೊಳೆಯುತ್ತದಲ್ಲ. ಮೂರು ಯೂರೋಗೆ ಇನ್ನೇನು.

ಮನೆಗೆ ಹೋಗುವ ದಾರಿಯಲ್ಲಿ, ಕಸದ ಕಲ್ಲು ಸುರಿದ ದಿಬ್ಬದ ಬಳಿ
ನನ್ನ ತೋಳು ಬಿಡಿಸಿಕೊಂಡು ಬಗ್ಗಿದಳು.
ಬಹಳ ಹೊತ್ತು ತಡಕಾಡಿದಳು, ನನಗೆ ಚಳಿ, ಅವಳಿಗಿಲ್ಲ.
ಒಂದನ್ನು ಆರಿಸಿದಳು. ಬೂದು, ಮೊಂಡು, ಹೊಳಪಿನ ಸುಳಿವಿಲ್ಲ.
ಏನೂ ಹೇಳದೆ ನನ್ನ ಕೋಟಿನ ಎಡ ಜೇಬಿಗೆ ಹಾಕಿದಳು.

ಯಾರಿಗೂ ತೋರಿಸಿಲ್ಲ. ಪರೀಕ್ಷೆ ಮಾಡಿಸಿಲ್ಲ.
ಟಿಕೆಟ್ ಹರಿಯಲು ಬಗ್ಗಿದಾಗಲೆಲ್ಲ
ಕೋಟು ಎಡಕ್ಕೆ ವಾಲುತ್ತದೆ.