ಷರಾ

ಮೂರು ಸೆಂಟಿಮೀಟರ್ ಉದ್ದ, ಒಂದೂವರೆ ಅಗಲ.
ಹದಿನಾಲ್ಕನೆಯ ಸಲ ಅದೇ ಅಂಕಿ ಬರೆಯುತ್ತಿದ್ದೇನೆ.
ಸುಂಟಿಕೊಪ್ಪದ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ
ಪೂವಯ್ಯನವರ ಎಡಗಾಲು ಸ್ಟೂಲಿನ ಮೇಲೆ ಬಂದು ಕೂರುತ್ತದೆ
ಮಂಗಳವಾರ, ಶುಕ್ರವಾರ,
ಹೊತ್ತಿಗೆ ಸರಿಯಾಗಿ ಬಂದು ಮಾತಾಡದೆ ಹೋಗುವ ನೆಂಟನ ಹಾಗೆ.

ತಂತಿಬೇಲಿ ಗೀರಿದ ಗಾಯ. ಅಷ್ಟೇ.
ಸಕ್ಕರೆ ಇಲ್ಲ. ರಕ್ತನಾಳ ಸರಿಯಿದೆಯೆಂದು
ಮಡಿಕೇರಿಯಲ್ಲಿ ಬಣ್ಣದ ಚಿತ್ರ ತೆಗೆದು ನೋಡಿದ್ದಾರೆ.
ಬೀಡಿ ಬಿಟ್ಟು ಎರಡು ವರ್ಷ.
ಆದರೂ ಅಂಚು ಅಂಚಿನ ಹತ್ತಿರ ಹೋಗುವುದಿಲ್ಲ,
ವ್ಯಾಜ್ಯ ಹೂಡಿದ ದಾಯಾದಿಗಳು
ಒಂದೇ ಕಣದ ಎರಡು ಬದಿ ನಿಂತಂತೆ.

ನಿದ್ದೆ ಹೇಗೆ, ಕೇಳಿ ನೋಡಿ ಸಿಸ್ಟರ್, ಎಂದರು ಡಾಕ್ಟರು.
ಕೇಳಿದೆ.
"ಕೂತೇ ಮಲಗುವುದು. ಬೂಟು ಹಾಕಿಕೊಂಡು."
ಗಮ್‌ಬೂಟಾ?
"ಆಟಿಯಿಂದ ಹಿಡಿದು ಮಳೆ ನಿಲ್ಲುವ ತನಕ. ಟಾರ್ಚು ತೊಡೆಯ ಮೇಲೆ."
ಈಗಿನದು ಸರ್ಕಾರ ಕಟ್ಟಿಕೊಟ್ಟ ಮನೆ, ಸಮತಟ್ಟು ಜಾಗ,
ಹಿಂದೆ ಗುಡ್ಡವೇ ಇಲ್ಲವಲ್ಲ?
"ನನಗೆ ಗೊತ್ತು" ಎಂದರು. "ಕಾಲಿಗೆ ಗೊತ್ತಿಲ್ಲ."

ನರ್ಸಿಂಗ್ ಓದುವಾಗ ಒಂದು ಪುಟವಿತ್ತು:
ಹೆದರಿದ ಮೈ ರಿಪೇರಿ ಕೆಲಸ ಮುಂದೂಡುತ್ತದೆ,
ಓಟ ಮೊದಲು, ಹೊಲಿಗೆ ಆಮೇಲೆ.
ಪರೀಕ್ಷೆಗೆ ಐದು ಅಂಕ. ಬರೆದು ಮರೆತಿದ್ದೆ.
ಆರು ಮಳೆಗಾಲ ಓಡಲು ಸಿದ್ಧವಾಗಿ ಕೂತ ಮೈಗೆ
ಎಷ್ಟು ಅಂಕ?

ನನ್ನದೂ ಒಂದಿದೆ. ಬಲದವಡೆಯ ಹಲ್ಲು, ಉದ್ದಕ್ಕೆ ಬಿರುಕು.
ರಾತ್ರಿಯೆಲ್ಲ ಏನು ಅಗಿಯುತ್ತೀರಿ ಎಂದು ಕೇಳಿದಳು
ಕುಶಾಲನಗರದ ದಂತವೈದ್ಯೆ.
ಗುಡ್ಡ ಬಂದ ವರ್ಷ ಕಲ್ಯಾಣಮಂಟಪದ ಶಿಬಿರದಲ್ಲಿ
ಹೆಸರು ಬರೆದುಕೊಳ್ಳುವ ಕೆಲಸ ನನಗೆ;
ಬಂದವರದ್ದು ಒಂದು ಪುಟ, ಬಾರದವರದ್ದು ಇನ್ನೊಂದು.
ಆ ಎರಡನೆಯದನ್ನೇ ಇರಬೇಕು.
ಆಕೆಗೆ ಹೇಳಲಿಲ್ಲ. ಕ್ಯಾಪ್ ಹಾಕಿಸಿಕೊಂಡು ಬಂದೆ.

ಆಟಿ ಹದಿನೆಂಟರ ಮರುದಿನ ಡಬ್ಬಿಯಲ್ಲಿ
ಮದ್ದುಸೊಪ್ಪಿನ ಪಾಯಸ ತಂದಿದ್ದೆ, ನೇರಳೆಗಿಂತ ಕಪ್ಪು.
ಹದಿನೆಂಟು ಮದ್ದು ಒಂದೇ ಎಲೆಯಲ್ಲಿ ಕೂಡುವ ದಿನವಂತೆ.
ತಿಂದದ್ದಕ್ಕೆ ಬೆಳಗ್ಗೆ ಮೂತ್ರವೇ ಕೆಂಪಾಗಿ ಸಾಕ್ಷಿ ಹೇಳುತ್ತದೆ.
ಒಳಗೆ ಹೋದ ಭಯಕ್ಕೆ ಅಂಥ ಬಣ್ಣವಿಲ್ಲ.
ಹೊರಗೆ ಬರುವ ದಾರಿಯನ್ನೂ ಯಾರೂ ಹೇಳಿಕೊಟ್ಟಿಲ್ಲ.

ಎರಡು ಚಮಚ ತಿಂದು ನಿಲ್ಲಿಸಿದರು.
"ನಾಯಿಯನ್ನು ಕಟ್ಟಿದ್ದೆ, ಸಿಸ್ಟರ್."

ಮೇಜರ್ ಎಂದು ಹೆಸರು.
ಪಕ್ಕದ ಮನೆಯ ಕೋಳಿ ಹಿಡಿದನೆಂದು ಜಗಳ.
ಸರಪಳಿ ತಂದದ್ದು ಆ ಮಧ್ಯಾಹ್ನವೇ,
ಹೊಸದು, ನೂರ ಎಂಬತ್ತು ರೂಪಾಯಿ.
ಬೆಳಗಿನ ಜಾವ ಅವನು ಬೊಗಳಿದ್ದಕ್ಕೇ ಎಲ್ಲರೂ ಎದ್ದದ್ದು.
ಓಡಿದ್ದು. ತೋಡು ದಾಟಿದ ಮೇಲೂ ಕೇಳುತ್ತಿತ್ತು.
ಆಮೇಲೆ ಕೇಳಲಿಲ್ಲ.
"ಆ ಕೋಳಿಯ ಮನೆಯಲ್ಲಿ ಇಬ್ಬರು ಹೋದರು.
ಮನುಷ್ಯರು ಹೋದ ಕಡೆ
ನಾಯಿಗೆಂದು ಹೇಗೆ ಅಳುವುದು?"

ಮುಂದಿನ ಮಂಗಳವಾರ ಅಳೆದೆ: ಮೂರು.
ಕತೆಯಲ್ಲಿ ಆಗುವಂತೆ ಏನೂ ಆಗಲಿಲ್ಲ.
ಅದರಾಚೆಯ ಶುಕ್ರವಾರ: ಎರಡೂ ಮುಕ್ಕಾಲು.
ಮುಲಾಮು ಬದಲಾಯಿಸಿದ್ದೆ, ಅದನ್ನೂ ಹೇಳಬೇಕು.
ಎರಡು ದಿನ ಬಿಸಿಲೂ ಬಂದಿತ್ತು.

ರಿಜಿಸ್ಟರಿನಲ್ಲಿ ಉದ್ದಕ್ಕೆ ಕಾಲಂ ಇದೆ,
ಕೀವಿಗಿದೆ, ವಾಸನೆಗಿದೆ.
ಕೊನೆಯಲ್ಲಿ ಷರಾ ಎಂದು ಬೆರಳಗಲ ಜಾಗ,
ಇಷ್ಟು ವರ್ಷ ನಾನು ಗೆರೆ ಎಳೆದು ಬಿಟ್ಟದ್ದು.
ಅಲ್ಲಿ ಬರೆದೆ:
ಮೇಜರ್. ಕಂದು ಬಣ್ಣ. ಮೋಟು ಬಾಲ. ಬಾರದವನು.

ಪೂವಯ್ಯ ಬೂಟಿನೊಳಗೆ ಕಾಲಿಳಿಸುತ್ತ
ಕಿಟಕಿಯಾಚೆ ನೋಡಿದರು. ಮತ್ತೆ ಮೋಡ ಹಾಕಿತ್ತು.
"ಇವತ್ತು ಒಂದು ಬೂಟು ಬಿಚ್ಚಿ ಮಲಗುತ್ತೇನೆ."
ಯಾವ ಕಾಲಿನದು?
"ಅದನ್ನು ರಾತ್ರಿಗೆ ನೋಡುವ."