ಬೆನ್ನು

ತಾಸ್ಯಾಳ ಮುಖ ನನಗೆ ಅಷ್ಟಾಗಿ ಗೊತ್ತಿಲ್ಲ.
ಹನ್ನೊಂದು ವರ್ಷ ಆಡಿದ್ದು ಅವಳ ಬೆನ್ನಿನ ಜೊತೆ.
ಕತ್ತಿನ ಎಡಕ್ಕೊಂದು ಮಚ್ಚೆ, ಬೆವರಿಗೆ ಅಂಟಿದ ಜಡೆ,
ಸರ್ವಿಗೆ ಮೊದಲು ಸೊಂಟದ ಹಿಂದೆ ಬಂದು ನಿಲ್ಲುವ ಎಡಗೈ.
ಒಂದು ಬೆರಳೆಂದರೆ ಗಿಡ್ಡ, ಎರಡೆಂದರೆ ಉದ್ದ,
ಮುಷ್ಟಿ ಎಂದರೆ,
ನನಗೂ ಗೊತ್ತಿಲ್ಲ ರೀಮ್ಮಾ, ನೀನೇ ನೋಡಿಕೋ.

ಓಮ್ಸ್ಕ್, ಕಾರ್ಖಾನೆಯ ಹಳೆಯ ಆಟದ ಮನೆ.
ಹೊರಗೆ ಸೊನ್ನೆಯಿಂದ ಮೂವತ್ತೊಂದು ಮೆಟ್ಟಿಲು ಕೆಳಗೆ.
ಒಳಗೆ, ಉಸಿರು ಕಾಣುವಷ್ಟು ಬೆಚ್ಚಗೆ.
ಎಂಗೆಲ್ಸಿನಾ ಪಾವ್ಲೊವ್ನಾ ಕೆಟಲಿನ ಮೂತಿಗೆ
ಶಟಲ್ ಹಿಡಿದು ಹಬೆ ಕುಡಿಸುವಳು
ನೆಗಡಿಯಾದ ಕೂಸಿಗೆ ಹಿಡಿದ ಹಾಗೆ.
ಒಣಗಿದ ಗರಿ ಪಟ್ಟನೆ ಮುರಿಯುತ್ತದೆ, ನೆನೆದದ್ದು ಇನ್ನೊಂದು ಆಟ ತಾಳುತ್ತದೆ.
ಹದಿನಾರರಲ್ಲಿ ಎರಡು ಗರಿ ಹೋದರೂ ಆಡಿ ಅನ್ನುವಳು,
ಹಲ್ಲು ಹೋದವರು ಊಟ ಬಿಟ್ಟರೇ?

ಚಳಿಯಲ್ಲಿ ಗಾಳಿ ದಪ್ಪ.
ಎಷ್ಟು ಬಾರಿಸಿದರೂ ಶಟಲ್ ನಡುದಾರಿಯಲ್ಲೇ ಸುಸ್ತಾಗಿ ಕೂರುತ್ತಿತ್ತು.
ಭುಜ ಕಿತ್ತು ಬರುವಂತೆ ಹೊಡೆಯುವುದನ್ನು ಹಾಗೆ ಕಲಿತೆವು.
ಮುಂದೆ ಜಕಾರ್ತಾದಲ್ಲಿ, ಅಂಗಿ ಹಿಂಡಿದರೆ ನೀರಿಳಿಯುವ ಸೆಖೆಯಲ್ಲಿ
ಅದೇ ಹೊಡೆತ
ಗೆರೆ ದಾಟಿತು, ಗೆರೆ ಕಾಯುವವನ ಕುರ್ಚಿಯನ್ನೂ ದಾಟಿತು.
ಮೂವತ್ತು ಗಂಟೆಯ ಪ್ರಯಾಣ, ಇಪ್ಪತ್ತೇಳು ನಿಮಿಷದ ಆಟ.
'ಊರಿನ ಚಳಿಯನ್ನೇ ಗಂಟು ಕಟ್ಟಿ ತಂದಿದ್ದೇವೆ ನೋಡು' ಎಂದಳು.
ಜೊತೆಗೆ ನಕ್ಕೆವು. ಅತ್ತದ್ದು ಬೇರೆ ಬೇರೆ ಬಚ್ಚಲಲ್ಲಿ.

ಗೆದ್ದದ್ದೂ ಉಂಟು.
ಸರಾತೊವ್‌ನಲ್ಲಿ ಬೆಳ್ಳಿ. ಮಿನ್ಸ್ಕ್‌ನಲ್ಲಿ ಒಂದು ಲೋಟ,
ಲೋಟದ ಜೊತೆ ಕರೆಂಟಿನ ಕೆಟಲು
(ಅದು ನೇರ ಎಂಗೆಲ್ಸಿನಾ ಪಾವ್ಲೊವ್ನಾಳ ಮೇಜಿಗೆ).
ಒಮ್ಮೆ, ಒಂದೇ ಒಂದು ವಾರ,
ಜಗತ್ತಿನ ಪಟ್ಟಿಯಲ್ಲಿ ನಲವತ್ತೊಂದನೆಯವರು ನಾವು.
ಟ್ರಾಮ್ ಓಡಿಸುತ್ತಿದ್ದ ತಾಸ್ಯಾಳ ಅಪ್ಪ
ಗಾಜಿಗೆ ಕಟ್ಟಿದ ಮಂಜಿನಲ್ಲಿ ಬೆರಳಾಡಿಸಿ ೪೧ ಎಂದು ಬರೆದ.
ಆ ದಿನ ಅರ್ಧ ಜನ ಹತ್ತಲೇ ಇಲ್ಲ,
ಇದು ನಮ್ಮ ದಾರಿಯ ಬಂಡಿ ಅಲ್ಲವೆಂದು.

ಹಿಮ್ಮಡಿಯ ನರ ಹರಿಯುವಾಗ ಸದ್ದಾಗುತ್ತದೆ,
ಬಿಗಿದ ತಂತಿ ರಾತ್ರಿ ತಾನಾಗಿ ಹರಿದಂತೆ.
ತಾಸ್ಯಾ ತಿರುಗಿ ನನ್ನನ್ನು ನೋಡಿದಳು,
ನಾನೇ ಹಿಂದಿನಿಂದ ಒದ್ದೆನೆಂದು.
ಆಗ ಕಂಡೆ ಅವಳ ಮುಖ. ಕೇಳುತ್ತಿತ್ತು: ಯಾಕೆ?
ಒಂಬತ್ತು ತಿಂಗಳು ಅವಳ ಕಾಲು ತಿಕ್ಕಿದೆ,
ಒದ್ದವಳೇ ತಿಕ್ಕಬೇಕಲ್ಲ.

ಮತ್ತೆ ನಡೆದಳು, ಓಡಿದಳು, ಹಾರಿದಳು ಒಂದು ಗೇಣು ಕಡಿಮೆ.
ಆಮೇಲೆ ಒಂದು ಮಾರ್ಚಿನಲ್ಲಿ ಕಾಗದ ಬಂತು,
ನಿಮ್ಮ ಬಾವುಟಕ್ಕೆ ಇಲ್ಲಿ ಜಾಗವಿಲ್ಲ.
ನಾವು ಹೊತ್ತದ್ದು ಟವಲು ಮಾತ್ರ ಎಂದು ಗೊಣಗಿದೆ ನಾನು.
ಗೊಣಗುವುದಕ್ಕಿಂತ ದೊಡ್ಡ ಮಾತು ಆಡಬೇಕಿತ್ತು ಆ ತಿಂಗಳು,
ಗಂಟಲಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆವು,
ನಾನು, ಎಂಗೆಲ್ಸಿನಾ ಪಾವ್ಲೊವ್ನಾ, ಇಡೀ ಕ್ಲಬ್ಬು.
ತಾಸ್ಯಾ ನುಂಗಲಿಲ್ಲ. ಅವಳ ತಮ್ಮನಿಗೆ ಇಪ್ಪತ್ತೆರಡು.

ನವೆಂಬರಿನಲ್ಲಿ ಅವನ ಹಿಂದೆಯೇ ಹೊರಟಳು, ಗಡಿಯಾಚೆಗೆ,
ಎರಡು ಚೀಲ, ತಂತಿ ಇಲ್ಲದ ಒಂದು ರ್‍ಯಾಕೆಟ್.
ಬೆನ್ನು ತೋರಿಸಿದಳು ಎಂದರು ಒಕ್ಕೂಟದವರು.
ನಕ್ಕೆ. ನನಗೆ ಅವಳು ಇನ್ನೇನು ತೋರಿಸಿದ್ದಳು
ಇಷ್ಟು ವರ್ಷ? ಅದನ್ನು ನೋಡಿಕೊಂಡೇ
ಎಲ್ಲಿ ನಿಲ್ಲಬೇಕೆಂದು ತಿಳಿದಿದ್ದು ನಾನು.

ಪ್ಲಾಟ್‌ಫಾರಂ ತುಂಬ ಹಿಮ. ತಿರುಗಿ ನೋಡಲಿಲ್ಲ.
ಬೋಗಿಯ ಮೆಟ್ಟಿಲಿಗೆ ಕಾಲಿಡುವ ಮೊದಲು ಮಾತ್ರ
ಎಡಗೈ ಮೆಲ್ಲಗೆ ಸೊಂಟದ ಹಿಂದೆ ಬಂದು ನಿಂತಿತು.
ಕೈಗೆ ಉಣ್ಣೆಯ ದಪ್ಪ ಗವಸು.
ಒಂದೋ, ಎರಡೋ, ಮುಷ್ಟಿಯೋ
ಕಾಣಲಿಲ್ಲ.

ಮಂಡಿ ತುಸು ಬಗ್ಗಿಸಿ, ಹಿಮ್ಮಡಿ ಎತ್ತಿ
ನಿಂತೇ ಇದ್ದೆ, ರೈಲಿನ ಕೆಂಪು ದೀಪ ಸಣ್ಣದಾಗುವವರೆಗೆ.